ಮೇಷ್ಟ್ರ ಹಗ್ಗ

ಕಳೆದ ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳು) ಮಳೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ತೀರಿಕೊಂಡರು. ಅವರ ಕೈಯಲ್ಲಿ ಕಲಿತವರಿಗೆ ಪಠ್ಯಪುಸ್ತಕದ ಒಂದು ಪುಟವೂ ನೆನಪಿರಲಾರದು. ಹಗ್ಗ ಮತ್ತು ಕಾಫಿ ಡಬ್ಬಿ ಮಾತ್ರ ಎಲ್ಲರಿಗೂ ನೆನಪಿದೆ.

ಹಗ್ಗದ ಉದ್ದ 45 ಮೀಟರ್ 50 ಸೆಂಟಿಮೀಟರ್. ಒಂದು ಮೀಟರಿಗೆ 10 ಕೋಟಿ ವರ್ಷ. 1956ರಲ್ಲಿ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಯ ಸೀಸ ಅಳೆದು ಭೂಮಿಗೆ 455 ಕೋಟಿ ವರ್ಷ ಎಂದ ಲೆಕ್ಕವೇ ಅದರ ಅಳತೆ. ಮೈದಾನದ ಕೊನೆಯ ಗೂಟ 'ಇವತ್ತು'. ಅಲ್ಲಿಂದ ಹಿಂದಕ್ಕೆ ನಡೆದರೆ 66 ಸೆಂಟಿಮೀಟರಿಗೆ ಡೈನೋಸಾರ್‌ಗಳ ಕೊನೆ, ಎರಡೂವರೆ ಮೀಟರಿಗೆ ಬಹುಪಾಲು ಜೀವಜಾತಿಗಳು ಅಳಿದ ಪರ್ಮಿಯನ್ ಮಹಾವಿನಾಶ, 25 ಮೀಟರಿಗೆ ಆರ್ಕಿಯನ್ ಎಂಬ ಯುಗ ಮುಗಿದು ಪ್ರೊಟೆರೋಜೋಯಿಕ್ ಯುಗ ಶುರು. ಮನುಷ್ಯಜಾತಿ ಕೊನೆಯ 3 ಮಿಲಿಮೀಟರ್. ಹಲ್ಮಿಡಿ ಶಾಸನ ಎಲ್ಲಿ ಸಾರ್ ಎಂದು ಕೇಳಿದರೆ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಅಂಚು ತೋರಿಸುತ್ತಿದ್ದರು: ಇದರ ದಪ್ಪದಲ್ಲಿ ಆರನೇ ಒಂದು ಪಾಲು.

ಗುರುತಿಗೆ ಗಂಟು ಹಾಕಲು ಬಿಡುತ್ತಿರಲಿಲ್ಲ. ಒಂದು ಗಂಟು 10 ಸೆಂಟಿಮೀಟರ್ ನುಂಗಿತೆಂದರೆ ಒಂದು ಕೋಟಿ ವರ್ಷ ಮಾಯ. ಬಣ್ಣದ ದಾರ ಸುತ್ತಿ ಹೊಲಿಯಬೇಕು. ನಾರಿನ ಹಗ್ಗದ ಅಳತೆ ನಮ್ಮ ಮಳೆಗೆ ಕೆಡುತ್ತದೆಂದು ನೈಲಾನ್ ತಂದರು. ಅದು ಎಳೆದಷ್ಟೂ ಹಿಗ್ಗುವುದರಿಂದ ನೆಲದ ಮೇಲೆ ಸಡಿಲವಾಗಿ ಹಾಸಿಯೇ ಅಳೆಯಬೇಕಿತ್ತು.

ಕನ್ನಡ ಪಂಡಿತರಿಗೆ ಈ ಹಗ್ಗದ ಮೇಲೆ ಬಹಳ ಪ್ರೀತಿ. ಪುರಾಣದ ಒಂದು ಕಲ್ಪ 432 ಕೋಟಿ ವರ್ಷ, ನಿಮ್ಮದು 455, ಹತ್ತಿರ ಬಂತಲ್ಲ ಎನ್ನುವರು. 'ಹತ್ತಿರ ಬಂದದ್ದು ಸಂಖ್ಯೆ ಪಂಡಿತರೇ, ಅಳತೆ ಅಲ್ಲ' ಎಂದು ಮೇಷ್ಟ್ರು. ಸ್ಟಾಫ್ ರೂಮಿನ ಚಹಾ ಆರುವವರೆಗೂ ಈ ಚರ್ಚೆ.

ಹೆಸರು ಬೇರೆ, ವಯಸ್ಸು ಬೇರೆ ಎಂಬುದನ್ನು ಅವರು ಬಿಡಿಸಿ ಹೇಳಿದಷ್ಟು ಚೆನ್ನಾಗಿ ನಾನು ಇನ್ನೆಲ್ಲೂ ಕೇಳಿಲ್ಲ. ಕ್ಯಾಂಬ್ರಿಯನ್, ಜುರಾಸಿಕ್ ಎಂಬ ಕಾಲಘಟ್ಟಗಳ ಹೆಸರುಗಳೆಲ್ಲ 19ನೇ ಶತಮಾನದವು; ಆಗ ಯಾರ ಬಳಿಯೂ ವರ್ಷದ ಲೆಕ್ಕ ಇರಲಿಲ್ಲ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೊ 1669ರಲ್ಲಿ ಹೇಳಿದ್ದ. ಯಾವ ಪದರದಲ್ಲಿ ಯಾವ ಪಳೆಯುಳಿಕೆ ಎಂದು ನೋಡಿ ಇಂಗ್ಲೆಂಡಿನ ವಿಲಿಯಂ ಸ್ಮಿತ್ 1815ರಲ್ಲಿ ನಕ್ಷೆ ಬರೆದ. ವರ್ಷಗಳು ಬಂದದ್ದು ವಿಕಿರಣಶೀಲತೆ ಕಂಡುಹಿಡಿದ ಮೇಲೆ. ಹಾಗಾಗಿ ಹೆಸರು ನಿಂತಲ್ಲೇ ಇರುತ್ತದೆ, ಅಂಕಿ ಓಡಾಡುತ್ತದೆ. ಆರ್ಕಿಯನ್‌ನ ಕೊನೆಯದ್ದು ಮಾತ್ರ ಬೇರೆ ಕಥೆ: ಅಲ್ಲಿ ಪಳೆಯುಳಿಕೆಯ ಆಸರೆ ಸಾಲದೆ 250 ಕೋಟಿ ಎಂಬ ಅಂಕಿಯನ್ನೇ ಗಡಿಯಾಗಿ ಇಟ್ಟುಕೊಂಡಿದ್ದಾರೆ.

ಕೊಡಗಿನ ಗಟ್ಟಿಕಲ್ಲಿನಲ್ಲಿ ಪಳೆಯುಳಿಕೆ ಹುಡುಕಿ ಪ್ರಯೋಜನವಿಲ್ಲ. ನಮ್ಮ ಕ್ವಾರಿಗಳ ಜಿಡ್ಡುಹಸಿರು ಕಲ್ಲು ಚಾರ್ನೊಕೈಟ್ 300 ಕೋಟಿ ವರ್ಷಕ್ಕೂ ಹಿಂದಿನದು, ಭೂಮಿಯ ಆಳದಲ್ಲಿ ಬೆಂದು ಬಂದದ್ದು. ಇಲ್ಲಿ ಮೊದಲು ನೋಡಬೇಕಾದ್ದು ಯಾವುದು ಯಾವುದನ್ನು ಕತ್ತರಿಸಿದೆ ಎಂದು. ಕಲ್ಲಿನ ಪಟ್ಟೆಗಳನ್ನು ಸೀಳಿ ಹೋದ ಕಪ್ಪು ಡೈಕ್ (ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾರಸ) ಆ ಕಲ್ಲಿಗಿಂತ ಕಿರಿಯದು, ಅಷ್ಟು ಖಚಿತ. ಎಷ್ಟು ಕಿರಿಯದು ಎನ್ನುವುದಕ್ಕೆ ಗಡಿಯಾರ ಬೇಕು.

ಆ ಗಡಿಯಾರಕ್ಕೆ ಕಾಫಿ ಡಬ್ಬಿ. ಸಿಪ್ಪೆ ತೆಗೆದ 200 ಬೀಜ ಹಾಕಿ ಅಲ್ಲಾಡಿಸಿ ಸುರಿಯುವುದು, ಸೀಳು ಮೇಲಾಗಿ ಬಿದ್ದವನ್ನೆಲ್ಲ ತೆಗೆದು ಒಂದೊಂದಕ್ಕೂ ಒಂದು ಕರಿಮೆಣಸಿನ ಕಾಳು ಇಡುವುದು. ಯುರೇನಿಯಂ ಕಾಲ ಕಳೆದಂತೆ ಸೀಸವಾಗುತ್ತದೆ; ಇಲ್ಲಿ ಬೀಜ ಯುರೇನಿಯಂ, ಮೆಣಸು ಸೀಸ. ನೂರಕ್ಕೆ ಐವತ್ತೇ ಬೀಳಬೇಕೆಂದಿಲ್ಲ, ಪ್ರತಿಸಲವೂ ಅದೇ ಪಾಲು ಬಿದ್ದರೆ ಸಾಕು. ಹೆಚ್ಚುಕಡಿಮೆ ಅರ್ಧ ಬೀಳುತ್ತಿತ್ತು. ಕೊನೆಗೆ ಮೆಣಸು ಎಷ್ಟು, ಬೀಜ ಎಷ್ಟು ಎಂದು ಎಣಿಸಿದರೆ ಎಷ್ಟು ಸಲ ಅಲ್ಲಾಡಿಸಿದ್ದು ಎಂಬುದು ಹೊರಬೀಳುತ್ತದೆ.

ಒಮ್ಮೆ ಹಿಂದಿನ ಬೆಂಚಿನವರು 20 ಬೀಜ ತೆಗೆದು ಅಷ್ಟೇ ಪೀಬೆರಿ (ಹಣ್ಣಿಗೆ ಒಂದೇ ಇರುವ ಕಾಫಿ ಬೀಜ) ಬೆರೆಸಿಟ್ಟರು. ಪೀಬೆರಿ ಗುಂಡಗೆ, ಅದಕ್ಕೆ ಚಪ್ಪಟೆ ಮೈಯೇ ಇಲ್ಲ. ಅದನ್ನು ಯಾರೂ ತೆಗೆಯಲಿಲ್ಲ. ನಾಲ್ಕು ಸಲ ಅಲ್ಲಾಡಿಸಿದ ಮೇಲೆ ಹನ್ನೆರಡೋ ಹದಿಮೂರೋ ಉಳಿಯಬೇಕಾದಲ್ಲಿ ಮೂವತ್ತೊಂದು! ಲೆಕ್ಕದ ಪ್ರಕಾರ ಇನ್ನೂ ಮೂರು ಸಲವೂ ಅಲ್ಲಾಡಿಸಿಲ್ಲ. ಮೇಷ್ಟ್ರು ಒಂದು ಪೀಬೆರಿಯನ್ನು ಬೆರಳಲ್ಲಿ ಉರುಳಿಸಿ ನೋಡಿದರು, ಯಾರೆಂದು ಕೇಳಲಿಲ್ಲ. 'ಮಾದರಿ ಕೆಟ್ಟರೆ ವಯಸ್ಸು ಹೀಗೇ ಕಡಿಮೆಯಾಗುತ್ತದೆ' ಎಂದು ಬೋರ್ಡಿಗೆ ತಿರುಗಿದರು. ಇಂಗಾಲ-14ರ ಅರ್ಧಾಯುಷ್ಯ (ಅರ್ಧ ಕರಗಲು ಹಿಡಿಯುವ ಕಾಲ) 5,730 ವರ್ಷ; ಲಕ್ಷಗಟ್ಟಲೆ ವರ್ಷ ಹಳೆಯ, ಇಂಗಾಲ-14 ಪೂರ್ತಿ ಮುಗಿದ ಮಾದರಿಗೆ ಇವತ್ತಿನ ಇಂಗಾಲ ನೂರಕ್ಕೆ ಒಂದು ಪಾಲು ಸೇರಿದರೂ ಅದು ಸುಮಾರು 38 ಸಾವಿರ ವರ್ಷದ್ದೆಂದು ತೋರುತ್ತದೆ. ತಂಟೆ ಮಾಡಿದವರಿಗೆ ಸಿಕ್ಕ ಶಿಕ್ಷೆ ಈ ಲೆಕ್ಕವನ್ನು ಮಾಡಿ ತೋರಿಸುವುದು.

ನಮ್ಮ ಕಲ್ಲಿಗೆ ಇಂಗಾಲದ ಗಡಿಯಾರ ನಡೆಯದು, ಜಿರ್ಕಾನ್ ಬೇಕು. ಈ ಹರಳು ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಒಳಗಿರುವ ಸೀಸವೆಲ್ಲ ಬಹುತೇಕ ಆಮೇಲೆ ಆದದ್ದು. ಕೆಲವು ಕಿಲೋ ಕಲ್ಲು ಪುಡಿಮಾಡಿ, ಜರಡಿ ಹಿಡಿದು, ನೀರಲ್ಲಿ ಜಾಲಿಸಿ, ಅಯಸ್ಕಾಂತಕ್ಕೆ ಅಂಟುವುದನ್ನು ಬೇರ್ಪಡಿಸಿ, ಉಳಿದದ್ದರಲ್ಲಿ ಸೂಕ್ಷ್ಮದರ್ಶಕದಡಿ ಹೆಕ್ಕಬೇಕು. ಈ ಕೆಲಸದಲ್ಲಿ ನನ್ನ ಕೈ ಚುರುಕು ಎಂದು ಪ್ರಯೋಗಾಲಯದಲ್ಲಿ ಹೇಳುತ್ತಾರೆ; ಬೀಜ ಹೆಕ್ಕಿ ಬಂದ ಅಭ್ಯಾಸ ಎಂದುಕೊಳ್ಳುತ್ತೇನೆ. ಒಂದೇ ಹರಳಿನಲ್ಲಿ ಎರಡು ಗಡಿಯಾರ: ಯುರೇನಿಯಂ-238ಕ್ಕೆ ಅರ್ಧಾಯುಷ್ಯ 447 ಕೋಟಿ ವರ್ಷ, 235ಕ್ಕೆ 70 ಕೋಟಿ. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ಹೇಳದಿದ್ದರೆ ಹೆಚ್ಚಾಗಿ ಸೀಸ ಸೋರಿದೆ. ಹರಳಿನ ತಿರುಳು ಹಳೆಯದಾಗಿದ್ದು ಅಂಚು ಆಮೇಲೆ ಬೆಳೆದಿದ್ದರೆ, ವಯಸ್ಸು ಅಳೆಯುವ ಲೇಸರ್ ಎರಡರ ನಡುವೆ ಬಿದ್ದು ಯಾರದ್ದೂ ಅಲ್ಲದ ಒಂದು ವಯಸ್ಸು ಬರುತ್ತದೆ. ಅದಕ್ಕೇ ಮೊದಲು ಹರಳನ್ನು ಅರ್ಧ ತೇಯ್ದು ಒಳಗಿನ ಚಿತ್ರ ತೆಗೆಯುವುದು.

ಈಗಿನ ಸ್ಮಾರ್ಟ್ ಕ್ಲಾಸಿನಲ್ಲಿ ಈ 455 ಕೋಟಿ ವರ್ಷವೂ ಪರದೆಯ ಮೇಲೆ ಒಂದು ಬಣ್ಣದ ಪಟ್ಟಿ. ಚೆನ್ನಾಗಿಯೇ ಇದೆ, ಆದರೆ ಅದಕ್ಕೆ ಪೀಬೆರಿ ಬೆರೆಸಲು ಆಗುವುದಿಲ್ಲ.

ತಿಥಿಯ ದಿನ ಅವರ ಮನೆಯ ಅಟ್ಟದಿಂದ ಹಗ್ಗ ಇಳಿಸಿ ಅಂಗಳದಲ್ಲಿ ಹಾಸಿದೆವು. ನಮ್ಮ ಕಾಲದಲ್ಲಿ ಕ್ಯಾಂಬ್ರಿಯನ್ನಿನ ಆರಂಭ 57 ಕೋಟಿ ಎಂದಿತ್ತು. 5 ಮೀಟರ್ 70ರಲ್ಲಿ ಕೆಂಪು ದಾರದ ಬಣ್ಣ ಹತ್ತಿದ ಕಲೆ ಇನ್ನೂ ಇದೆ. 5 ಮೀಟರ್ 42ರಲ್ಲಿ ಹೊಲಿಗೆ ಬಿಚ್ಚಿದ ಸಣ್ಣ ತೂತುಗಳು. 5 ಮೀಟರ್ 39ರಲ್ಲಿ ಹೊಸ ನೀಲಿ ದಾರ. 53.88 ಕೋಟಿ ಎಂಬ ಅಂಕಿ ಬರುವ ಹೊತ್ತಿಗೆ ಮೇಷ್ಟ್ರು ನಿವೃತ್ತರಾಗಿ ಇಪ್ಪತ್ತು ವರ್ಷ ದಾಟಿತ್ತು.