ಅಂಕಿ ತಿದ್ದಿದೆವು, ಪದ ಹಾಗೆಯೇ ಉಳಿಯಿತು

2020ರ ಜೂನ್ 16ರ ರಾತ್ರಿ ಬೆಳಗಾವಿಯ ನಮ್ಮ ಪತ್ರಿಕೆಯ ಡೆಸ್ಕಿನಲ್ಲಿ ಮುಖಪುಟದ ಹೊಣೆ ನನ್ನದಾಗಿತ್ತು. ಕೊರೊನಾದಿಂದಾಗಿ ಅರ್ಧ ಮಂದಿ ಮನೆಯಿಂದಲೇ ಕಾಪಿ ಕಳಿಸುತ್ತಿದ್ದರು. ಯೂನಿಕೋಡಿನಿಂದ ‘ನುಡಿ’ ತಂತ್ರಾಂಶದ ಅಕ್ಷರಗಳಿಗೆ ಬದಲಿಸುವಾಗ ಚೆಲ್ಲಾಪಿಲ್ಲಿಯಾಗುತ್ತಿದ್ದ ಒತ್ತಕ್ಷರಗಳನ್ನು ಕೂಡಿಸುವುದರಲ್ಲೇ ಸಂಜೆ ಕಳೆದುಹೋಗುತ್ತಿತ್ತು. ಬೇರೆ ಸಾಫ್ಟ್‌ವೇರ್ ಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದ ನಮಗೆ ಆಡಳಿತ ವರ್ಗ ಕೊಟ್ಟದ್ದು ಸ್ಯಾನಿಟೈಸರ್ ಬಾಟಲಿ ಮಾತ್ರ.

ಲಡಾಖಿನ ಗಾಲ್ವಾನ್ ಕಣಿವೆಯಲ್ಲಿ ಚೀನಾ ಪಡೆಯೊಂದಿಗಿನ ಸಂಘರ್ಷದಲ್ಲಿ ಒಬ್ಬ ಅಧಿಕಾರಿ ಮತ್ತು ಇಬ್ಬರು ಯೋಧರು ಮಡಿದರೆಂದು ಸೇನೆ ಮಧ್ಯಾಹ್ನವೇ ತಿಳಿಸಿತ್ತು. ಪಾಕಿಸ್ತಾನದ ಕಡೆಯ ಪೂಂಛ್, ಉರಿಗಳ ಸುದ್ದಿಯನ್ನು ವರ್ಷಗಟ್ಟಲೆ ಬರೆದು ಪಳಗಿದ್ದ ನನ್ನ ಕೈ, ಯೋಚನೆಗೆ ಎಡೆಗೊಡದೆ ‘ಗಡಿ ನಿಯಂತ್ರಣ ರೇಖೆಯಲ್ಲಿ ಗುಂಡಿನ ಚಕಮಕಿ’ ಎಂದು ಶೀರ್ಷಿಕೆ ಹೊಡೆಯಿತು. ಚಿತ್ರಕ್ಕಾಗಿ ಸರ್ವರಿನಲ್ಲಿ ‘ಗಡಿ’ ಎಂದು ಹುಡುಕಿದರೆ ಬಂದದ್ದೆಲ್ಲ ನಿಪ್ಪಾಣಿಯ ಕಡೆಯ ಪ್ರತಿಭಟನೆಗಳು. ನಮ್ಮೂರಿನಲ್ಲಿ ಗಡಿಯೆಂದರೆ ಮಹಾರಾಷ್ಟ್ರದ್ದೇ.

ದೂರದ ಊರುಗಳಿಗೆ ಮೊದಲು ಹೋಗುವ ಡಾಕ್ ಎಡಿಷನ್ನಿನ ಪುಟ ಬಿಡಲು ಹದಿನೈದು ನಿಮಿಷವಿದ್ದಾಗ, ಗಾಯಗೊಂಡಿದ್ದ ಇನ್ನೂ 17 ಯೋಧರು ಕೊನೆಯುಸಿರೆಳೆದು ಸಂಖ್ಯೆ 20ಕ್ಕೆ ಏರಿದೆಯೆಂದು ಟಿವಿಯಲ್ಲಿ ಬರತೊಡಗಿತು. ಏಜೆನ್ಸಿಯ ಕಾಪಿ ಇನ್ನೂ ಬಂದಿರಲಿಲ್ಲ. ಮುಖ್ಯಸ್ಥರು ಫೋನಿನಲ್ಲಿ ‘ಸೇನೆಯ ಹೇಳಿಕೆ ಕೈಗೆ ಬರುವವರೆಗೆ ಮುಟ್ಟಬೇಡಿ’ ಎಂದರು. ಪ್ರಿಂಟಿಂಗ್‌ನವರು ಇನ್ನೊಂದು ಫೋನಿನಲ್ಲಿ ಅಥಣಿಯ ಗಾಡಿ ತಪ್ಪುತ್ತದೆಂದು ಕೂಗುತ್ತಿದ್ದರು. ಹೇಳಿಕೆ ಬಂದಾಗ ಉಳಿದಿದ್ದದ್ದು ನಾಲ್ಕು ನಿಮಿಷ. ಶೀರ್ಷಿಕೆ, ಉಪಶೀರ್ಷಿಕೆ, ಇಂಟ್ರೊ, ಬಾಕ್ಸ್, ಹೀಗೆ ನಾಲ್ಕು ಕಡೆ ಅಂಕಿ ತಿದ್ದಿಸಿ ಪುಟವನ್ನು ಮೂರು ಸಲ ಓದಿದೆ. ಮೂರು ಸಲವೂ ನನ್ನ ಕಣ್ಣು ಹುಡುಕುತ್ತಿದ್ದದ್ದು ‘ಮೂವರು’ ಎಂಬ ಪದ ಎಲ್ಲಾದರೂ ಉಳಿದಿದೆಯೇ ಎಂಬುದನ್ನಷ್ಟೇ. ಪುಟ ಹೋದ ಮೇಲೆ ಚಹಾ ತರಿಸಿ, ದೊಡ್ಡ ಗಂಡಾಂತರದಿಂದ ಪಾರಾದೆವೆಂದು ನಕ್ಕೆವು ಕೂಡ. ಸಿಟಿ ಎಡಿಷನ್ನಿಗೂ ಅದೇ ಶೀರ್ಷಿಕೆ ಹೋಯಿತು.

ಬೆಳಿಗ್ಗೆ ಮೊದಲ ಕರೆ ಮರಾಠಾ ಲಘು ಪದಾತಿ ದಳದ ನಿವೃತ್ತ ಸುಬೇದಾರರೊಬ್ಬರದು. ಸಿಟ್ಟಿಗಿಂತ ಬೇಸರವೇ ಅವರ ದನಿಯಲ್ಲಿ ಹೆಚ್ಚಿತ್ತು: ‘ಸಾಹೇಬ್ರ, ಅಲ್ಲಿ ಗುಂಡು ಹಾರಸೂದಿಲ್ರೀ. ಹಾರಿದ್ರ ಇಷ್ಟೊತ್ತಿಗೆ ಲಡಾಯಿನ ಸುರು ಆಗಿರತಿತ್ತು. ನಮ್ಮ ಹುಡುಗರು ಕಲ್ಲು, ಬಡಿಗಿ ಏಟಿಗೆ ಸತ್ತಾರ.’

ಅವರು ಹೇಳಿದ್ದೇ ಸುದ್ದಿಯ ತಿರುಳು. ಪಾಕಿಸ್ತಾನದ ಕಡೆಯ ಗಡಿ ನಿಯಂತ್ರಣ ರೇಖೆಯನ್ನು 1972ರ ಸಿಮ್ಲಾ ಒಪ್ಪಂದದ ಬಳಿಕ ಎರಡೂ ಸೇನೆಗಳು ನಕ್ಷೆಯ ಮೇಲೆ ಗುರುತಿಸಿ ಸಹಿ ಹಾಕಿವೆ. ಗುಂಡು ಹಾರಿದರೂ ಯಾವ ಗುಡ್ಡ ಯಾರ ವಶದಲ್ಲಿದೆ ಎಂಬುದು ಇಬ್ಬರಿಗೂ ಗೊತ್ತು. ಚೀನಾದ ಕಡೆಯ ವಾಸ್ತವ ನಿಯಂತ್ರಣ ರೇಖೆ ಭಾರತದ ಲೆಕ್ಕದಲ್ಲಿ 3,488 ಕಿ.ಮೀ. ಉದ್ದವಿದ್ದರೂ ಲಡಾಖಿನಲ್ಲಿ ಅದಕ್ಕೆ ಇಬ್ಬರೂ ಒಪ್ಪಿದ ನಕ್ಷೆಯೇ ಇಲ್ಲವಾದ್ದರಿಂದ, ಎರಡೂ ಕಡೆಯ ಗಸ್ತು ಪಡೆಗಳು ತಮ್ಮದೆಂದು ನಂಬಿದ ನೆಲದಲ್ಲೇ ಎದುರುಬದುರಾಗುತ್ತವೆ. ಹೀಗಾಗಿಯೇ 1996ರ ಒಪ್ಪಂದ ಆ ರೇಖೆಯಿಂದ ಎರಡು ಕಿ.ಮೀ. ಒಳಗೆ ಗುಂಡು ಹಾರಿಸುವುದನ್ನು ನಿಷೇಧಿಸಿತ್ತು. 1975ರಲ್ಲಿ ಅರುಣಾಚಲದ ತುಲುಂಗ್ ಲಾದಲ್ಲಿ ಭಾರತೀಯ ಯೋಧರು ಮಡಿದ ನಂತರ ಆ ರೇಖೆಯಲ್ಲಿ ಸಂಘರ್ಷದಲ್ಲಿ ಜೀವಹಾನಿಯಾದದ್ದು ಗಾಲ್ವಾನಿನಲ್ಲೇ ಮೊದಲು. ಬಳಿಕ ಪಾಕಿಸ್ತಾನದ ಕಡೆಗೆಂದು ಸಜ್ಜಾಗಿದ್ದ ಪಡೆಗಳಲ್ಲಿ ಕೆಲವನ್ನು ಉತ್ತರಕ್ಕೆ ತಿರುಗಿಸಬೇಕಾಯಿತು. 2021ರ ಫೆಬ್ರುವರಿಯಲ್ಲಿ ಲಡಾಖಿನ ಪಾಂಗಾಂಗ್ ಸರೋವರದ ದಂಡೆಯಿಂದ ಭಾರತ, ಚೀನಾ ಸೇನೆಗಳು ಹಿಂದೆ ಸರಿದವು. ಅದೇ ತಿಂಗಳು ಪಾಕಿಸ್ತಾನದೊಂದಿಗೆ ಕದನ ವಿರಾಮವನ್ನು ಪಾಲಿಸುವ ಮಾತೂ ಆಯಿತು. ಇವೆರಡು ಕಾಕತಾಳೀಯವೆಂದು ನನಗಂತೂ ಅನ್ನಿಸುವುದಿಲ್ಲ. ಎರಡು ರೇಖೆಗಳನ್ನು ಒಂದೇ ಹೆಸರಿನಿಂದ ಕರೆದ ನನ್ನ ಶೀರ್ಷಿಕೆ ಇಷ್ಟನ್ನೂ ಓದುಗರಿಂದ ಮುಚ್ಚಿಟ್ಟಿತ್ತು.

ತಿದ್ದುಪಡಿ ಏಳನೆಯ ಪುಟದಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ, ನಾಲ್ಕು ಸಾಲಿನಲ್ಲಿ ಬಂತು. ಮುಖಪುಟದ ತಪ್ಪಿಗೆ ಮುಖಪುಟದಲ್ಲಿ ಜಾಗವಿಲ್ಲವೆಂಬುದು ಮೇಲಿನವರ ನಿಯಮ.

2024ರ ಅಕ್ಟೋಬರಿನಲ್ಲಿ ಲಡಾಖಿನ ದೆಪ್ಸಾಂಗ್ ಮತ್ತು ದೆಮ್‌ಚೋಕ್‌ನ ಗಸ್ತಿನ ಬಗ್ಗೆ ಚೀನಾದೊಂದಿಗೆ ಒಪ್ಪಂದವಾದಾಗ, ಟ್ರೇನಿ ಹುಡುಗಿಯೊಬ್ಬಳು ಬರೆದ ಕಾಪಿಯ ಮೊದಲ ಸಾಲಿನಲ್ಲೇ ‘ಗಡಿ ನಿಯಂತ್ರಣ ರೇಖೆ’ ಇತ್ತು. ನಾನು ಬೈಯಲಿಲ್ಲ, ಸರ್ವರಿನಲ್ಲಿದ್ದ ನನ್ನ ಹಳೆಯ ಪುಟವನ್ನು ತೆರೆದು ಅವಳ ಮುಂದಿಟ್ಟೆ.