ವಕೀಲಿ ಬಿಟ್ಟು ಲೈಬ್ರರಿ ಸೇರಿದ ಮಾರಿಸ್ ಕೋಹೆನ್

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ನ್ಯೂಯಾರ್ಕಿನಲ್ಲಿ ಕೆಲವು ವರ್ಷ ವಕೀಲಿ ಮಾಡಿ, ಆಮೇಲೆ ಅದನ್ನು ಬಿಟ್ಟು ಲೈಬ್ರರಿ ಸೈನ್ಸ್ ಕಲಿಯೋಕೆ ಹೋದವರು ಮಾರಿಸ್ ಕೋಹೆನ್. ನಮ್ಮ ಕಡೆ ಯಾರಾದರೂ ಹೀಗೆ ಮಾಡಿದರೆ ಮನೆಯಲ್ಲಿ ಏನಂತಾರೆ ಅಂತ ಬಿಡಿಸಿ ಹೇಳಬೇಕಿಲ್ಲ. "ಕರಿ ಕೋಟು ಬಿಟ್ಟು ಪುಸ್ತಕ ಜೋಡಿಸೋಕೆ ಹೋದ" ಅಂತಾರೆ. ಕೋಹೆನ್ ಅವರ ಬದುಕು ನೋಡಿದಾಗಿನಿಂದ ನನಗೆ ಈ ಮಾತು ಕೇಳಿದರೇ ಸಿಟ್ಟು ಬರುತ್ತದೆ.

ಅವರು ಹುಟ್ಟಿದ್ದು 1927ರಲ್ಲಿ. ಲೈಬ್ರರಿ ಪದವಿ ಪಡೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಪ್ರ್ಯಾಟ್ ಇನ್‌ಸ್ಟಿಟ್ಯೂಟ್‌ನಲ್ಲಿ, 1959ರಲ್ಲಿ. ಆಮೇಲೆ ವಿಶ್ವವಿದ್ಯಾಲಯಗಳ ಕಾನೂನು ಲೈಬ್ರರಿಗಳಲ್ಲಿ ಕೆಲಸ: ಬಫಲೋ, ಪೆನ್ಸಿಲ್ವೇನಿಯಾ, 1971ರಿಂದ 81ರವರೆಗೆ ಹಾರ್ವರ್ಡ್, ಅಲ್ಲಿಂದ 1991ರವರೆಗೆ ಯೇಲ್. ಹಾರ್ವರ್ಡ್, ಯೇಲ್ ಎರಡೂ ಕಡೆ ಅವರು ಕಾನೂನು ಲೈಬ್ರರಿಯ ಮುಖ್ಯಸ್ಥರೂ ಹೌದು, ಕಾನೂನು ಪ್ರೊಫೆಸರ್ ಕೂಡ ಹೌದು. ಕಪಾಟಿನ ಜವಾಬ್ದಾರಿ ಮತ್ತು ಪಾಠ, ಎರಡೂ ಒಬ್ಬರದೇ.

ಅಮೆರಿಕದಲ್ಲಿ ಇದು ಕೋಹೆನ್ ಒಬ್ಬರಿಗೆ ಸಿಕ್ಕ ವಿಶೇಷ ಮರ್ಯಾದೆ ಅಲ್ಲ. ಅಲ್ಲಿನ ಲಾ ಸ್ಕೂಲ್‌ಗಳಲ್ಲಿ ಲೈಬ್ರರಿ ಮುಖ್ಯಸ್ಥರಾದವರಿಗೆ ಸಾಮಾನ್ಯವಾಗಿ ಕಾನೂನು ಪದವಿ, ಲೈಬ್ರರಿ ಪದವಿ ಎರಡೂ ಇರುತ್ತವೆ, ಮತ್ತು ಅವರು ಉಳಿದ ಅಧ್ಯಾಪಕರ ಸಾಲಿನಲ್ಲೇ ಕೂರುತ್ತಾರೆ. ಕಾರಣ ಸುಲಭ. ಅಲ್ಲಿ 50 ರಾಜ್ಯಗಳು, ಮೇಲೊಂದು ಕೇಂದ್ರ ಸರ್ಕಾರ, ಪ್ರತಿಯೊಂದಕ್ಕೂ ಅದರದೇ ಕಾಯ್ದೆ, ಅದರದೇ ಕೋರ್ಟು, ಅದರದೇ ತೀರ್ಪುಗಳ ಸಂಪುಟ. ಒಂದು ತೀರ್ಪು ಸಿಕ್ಕಿತು ಅಂತ ಖುಷಿಪಟ್ಟರೆ ಸಾಲದು, ಅದು ಇವತ್ತಿಗೂ ನಿಂತಿದೆಯಾ, ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿದೆಯಾ ಅಂತ ನೋಡಲೇಬೇಕು. ಈ ತಲೆನೋವಿಗೆ 1873ರಲ್ಲಿ ಇಲಿನಾಯ್ ರಾಜ್ಯದ ಫ್ರ್ಯಾಂಕ್ ಶೆಪರ್ಡ್ ಒಂದು ದಾರಿ ಹುಡುಕಿದರು. ಯಾವ ತೀರ್ಪನ್ನು ಮುಂದೆ ಯಾವ ತೀರ್ಪಿನಲ್ಲಿ ಎತ್ತಿಕೊಂಡಿದ್ದಾರೆ ಅಂತ ಅಂಟಿನ ಚೀಟಿಗಳ ಮೇಲೆ ಅಚ್ಚುಮಾಡಿ ಮಾರಿದರು. ವಕೀಲರು ಆ ಚೀಟಿಗಳನ್ನು ತಮ್ಮ ಸಂಪುಟಗಳ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದರು! ಚೀಟಿ ಹೋಗಿ ಪುಸ್ತಕ ಬಂತು, 1973ರಲ್ಲಿ ಲೆಕ್ಸಿಸ್ ಅನ್ನೋ ಸೇವೆ ಬಂದು ಕಂಪ್ಯೂಟರಿನಲ್ಲೂ ತೀರ್ಪು ಹುಡುಕುವ ಕಾಲ ಶುರುವಾಯಿತು. ಕೋಹೆನ್ ಆಗ ಹಾರ್ವರ್ಡ್‌ನಲ್ಲಿದ್ದರು.

ಹುಡುಕೋದು ಗುಮಾಸ್ತರ ಕೆಲಸ ಅಲ್ಲ, ಅದೇ ಕಾನೂನು ಜ್ಞಾನದ ಅರ್ಧ ಭಾಗ. ನಾನು ಇದನ್ನು ಪೂರ್ತಿ ನಂಬಿದ್ದೇನೆ. ಕಾನೂನು ಹುಡುಕೋದು ಹೇಗೆ ಅಂತ ಕೋಹೆನ್ ವಿದ್ಯಾರ್ಥಿಗಳಿಗಾಗಿ ಬರೆದ 'ಲೀಗಲ್ ರಿಸರ್ಚ್ ಇನ್ ಎ ನಟ್‌ಶೆಲ್' ಅನ್ನೋ ಸಣ್ಣ ಪುಸ್ತಕ 1968ರಲ್ಲಿ ಬಂತು, ಆಮೇಲೆ ದಶಕಗಟ್ಟಲೆ ಹೊಸ ಹೊಸ ಆವೃತ್ತಿ ಕಂಡಿತು. ನಾನು ಓದಿದ ಕಾಲೇಜಿನಲ್ಲಿ ಇಂಥದ್ದಕ್ಕೆ ಕ್ಲಾಸೇ ಇರಲಿಲ್ಲ. ಟೈಮ್‌ಟೇಬಲ್‌ನಲ್ಲಿ 'ಲೈಬ್ರರಿ' ಅಂತ ಬರೆದಿದ್ದರೆ ಆ ಪೀರಿಯಡ್ ಕ್ಯಾಂಟೀನಿಗೆ ಅಂತಲೇ ಲೆಕ್ಕ. ದೇಶದ ತೀರ್ಪುಗಳನ್ನು ಅಚ್ಚುಮಾಡುವ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಸಂಪುಟದ ಇಂಡೆಕ್ಸ್ ಹೇಗೆ ನೋಡಬೇಕು, ನಮ್ಮ ಹೈಕೋರ್ಟಿನ ತೀರ್ಪುಗಳ ಸಂಪುಟ ಐಎಲ್‌ಆರ್ ಕರ್ನಾಟಕದಲ್ಲಿ ಒಂದು ತೀರ್ಪಿನ ಜಾಡು ಹಿಡಿಯೋದು ಹೇಗೆ ಅಂತ ನನಗೆ ಹೇಳಿಕೊಟ್ಟವರು ಲೈಬ್ರರಿಯ ಮೇಡಂ, ಅದೂ ಅವರ ಊಟದ ಹೊತ್ತಿನಲ್ಲಿ, ನಿಂತುಕೊಂಡೇ. ಅವರನ್ನು ಯಾರೂ ಟೀಚರ್ ಅಂತ ಕರೆಯುತ್ತಿರಲಿಲ್ಲ. ಸ್ಟಾಫ್ ಮೀಟಿಂಗಿಗೂ ಕರೆಯುತ್ತಿರಲಿಲ್ಲ.

ಕೋಹೆನ್ ಅವರ ದೊಡ್ಡ ಕೆಲಸ ಇನ್ನೊಂದಿದೆ. ಅಮೆರಿಕದಲ್ಲಿ ಮೊದಲಿನಿಂದ 1860ರವರೆಗೆ ಕಾನೂನಿನ ಬಗ್ಗೆ ಅಚ್ಚಾದ ಪುಸ್ತಕಗಳೆಲ್ಲ ಯಾವುವು ಅಂತ ಒಂದು ಪಟ್ಟಿ ಮಾಡೋಕೆ ಹೊರಟರು. ಮೂರು ದಶಕಕ್ಕೂ ಜಾಸ್ತಿ ಹಿಡಿಯಿತು. ಯೇಲ್‌ನಿಂದ ನಿವೃತ್ತರಾಗಿ 7 ವರ್ಷ ಕಳೆದ ಮೇಲೆ, 1998ರಲ್ಲಿ, 6 ಸಂಪುಟಗಳಲ್ಲಿ ಹೊರಬಂತು. ಸುಮಾರು 14,000 ನಮೂದುಗಳು. ಪಟ್ಟಿ ಅಂದ ತಕ್ಷಣ ಆಕಳಿಕೆ ಬರುತ್ತದೆ ಅಲ್ವಾ? ಆದರೆ ಒಳಗೇನಿದೆ ನೋಡಿ. ದೊಡ್ಡ ಪಂಡಿತರ ಗ್ರಂಥಗಳ ಜೊತೆಗೇ ಕೊಲೆ ಕೇಸಿನ ವಿಚಾರಣೆಯನ್ನು ಅಚ್ಚುಮಾಡಿ ಜನರಿಗೆ ಮಾರುತ್ತಿದ್ದ ತೆಳ್ಳನೆ ಪುಸ್ತಿಕೆಗಳಿವೆ, ಹಳ್ಳಿಯ ನ್ಯಾಯಾಧಿಕಾರಿಗಳಿಗೆ ಬರೆದ ಕೈಪಿಡಿಗಳಿವೆ, ವಕೀಲರಿಗೆ ದುಡ್ಡು ಕೊಡದೆ ಕ್ರಯಪತ್ರವನ್ನೋ ಉಯಿಲನ್ನೋ ತಾವೇ ಬರೆದುಕೊಳ್ಳಬೇಕು ಅನ್ನುವವರಿಗಾಗಿ ಮಾಡಿದ ನಮೂನೆ ಪುಸ್ತಕಗಳಿವೆ. ಸುಪ್ರೀಂ ಕೋರ್ಟಿನ ತೀರ್ಪುಗಳನ್ನಷ್ಟೇ ಓದಿದರೆ ಜಡ್ಜ್‌ಗಳು ಏನಂದರು ಅಂತ ಗೊತ್ತಾಗುತ್ತದೆ. ಜನ ಕಾನೂನನ್ನು ಹೇಗೆ ಬಳಸಿದರು, ಯಾವುದಕ್ಕೆ ಹೆದರಿದರು, ಯಾವ ಕೇಸನ್ನು ದುಡ್ಡು ಕೊಟ್ಟು ಓದಿದರು ಅನ್ನೋದು ಈ ಸಣ್ಣ ಪುಸ್ತಿಕೆಗಳಲ್ಲೇ ಇರೋದು. ಎಲ್ಲೋ ಮೂಲೆಯಲ್ಲಿ ಬಿದ್ದಿರುವ ಇಂಥದ್ದನ್ನು ಒಬ್ಬರು ಕೂತು ಬರೆದಿಡದಿದ್ದರೆ ಇತಿಹಾಸ ಬರೆಯುವವರಿಗೆ ಅದು ಇದೆ ಅಂತಲೇ ಗೊತ್ತಾಗೋದಿಲ್ಲ.

ಮಕ್ಕಳ ಪುಸ್ತಕಗಳ ಮೇಲೂ ಅವರಿಗೆ ಅಷ್ಟೇ ಪ್ರೀತಿ. ಕಾನೂನು, ಕೋರ್ಟು, ಅಪರಾಧ, ಶಿಕ್ಷೆ, ಇದೆಲ್ಲ ಬರುವ ಹಳೆಯ ಮಕ್ಕಳ ಪುಸ್ತಕಗಳನ್ನು ವರ್ಷಗಟ್ಟಲೆ ಕೂಡಿಸಿದರು, ಕೊನೆಗೆ ಆ ಸಂಗ್ರಹವನ್ನು ಯೇಲ್ ಲೈಬ್ರರಿಗೇ ಕೊಟ್ಟರು. ನನಗೆ ಇದು ತುಂಬಾ ಹಿಡಿಸಿತು. ಎರಡು ಬೆಕ್ಕುಗಳ ಜಗಳ ಬಿಡಿಸೋಕೆ ಬಂದ ಮಂಗ ಬೆಣ್ಣೆಯನ್ನೆಲ್ಲ ತಾನೇ ತಿಂದ ಕಥೆ ಕೇಳದ ಮಗು ನಮ್ಮಲ್ಲಿ ಇದೆಯಾ? ಪಂಚಾಯ್ತಿ ಮಾಡುವವರನ್ನು ಎಷ್ಟು ನಂಬಬೇಕು ಅಂತ ನಾವು ಮೊದಲು ಕಲಿಯೋದೇ ಅಲ್ಲಿ. ಇಂಥ ಕಥೆಗಳೂ ಕಾನೂನು ಲೈಬ್ರರಿಗೆ ಸೇರಬೇಕು ಅಂತ ಅನ್ನಿಸೋಕೆ ಒಂದು ದೊಡ್ಡ ಕಣ್ಣು ಬೇಕು.

ಈಗಿನ ಕಾಲಕ್ಕೆ ಬರೋಣ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ, ಏವಿಯಾಂಕಾ ವಿಮಾನ ಕಂಪನಿಯ ಮೇಲಿನ ಒಂದು ಕೇಸಿನಲ್ಲಿ, ವಕೀಲರು ಚಾಟ್‌ಜಿಪಿಟಿ ಹೆಣೆದುಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಹಾಗೇ ಬರೆದುಕೊಟ್ಟು 5,000 ಡಾಲರ್ ದಂಡ ಹಾಕಿಸಿಕೊಂಡರು. ನಮ್ಮಲ್ಲೂ ಆಗಿದೆ. ಬೆಂಗಳೂರಿನ ಸಿವಿಲ್ ಕೋರ್ಟಿನ ಒಂದು ಆದೇಶದಲ್ಲೇ, ಎಲ್ಲೂ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಕಾಣಿಸಿಕೊಂಡಿದ್ದನ್ನು 2025ರಲ್ಲಿ ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಮೂಲ ಸಂಪುಟ ತೆಗೆದು ಒಮ್ಮೆ ನೋಡಿದ್ದರೆ ಮುಗಿಯುತ್ತಿತ್ತು. ಆ ಒಂದು ಅಭ್ಯಾಸವನ್ನು ಕಲಿಸೋಕೆ ಪ್ರತಿ ಲಾ ಕಾಲೇಜಿನಲ್ಲೂ ಕಾನೂನು, ಲೈಬ್ರರಿ ಸೈನ್ಸ್ ಎರಡೂ ಓದಿದ ಒಬ್ಬರು ಬೇಕು, ಅವರಿಗೆ ಅಧ್ಯಾಪಕರ ಸಂಬಳ, ಅಧ್ಯಾಪಕರ ಮರ್ಯಾದೆ, ವಾರದಲ್ಲಿ ನಾಲ್ಕು ಕ್ಲಾಸು ಕೊಡಲೇಬೇಕು. ಇದಕ್ಕಿಂತ ಕಡಿಮೆ ಏನು ಮಾಡಿದರೂ ಸುಮ್ನೆ ನೋಟಿಸ್ ಬೋರ್ಡಿಗೆ ಒಂದು ಎಚ್ಚರಿಕೆ ಅಂಟಿಸಿದ ಹಾಗೆ.

ಕೋಹೆನ್ 2010ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಿವೃತ್ತಿಯ ನಂತರವೂ ಹಳೆಯ ಕಾನೂನು ಪುಸ್ತಕಗಳ ಬಗ್ಗೆ ಪಾಠ ಮಾಡುತ್ತಿದ್ದರು. ಅಮೆರಿಕದ ಕಾನೂನು ಲೈಬ್ರರಿಯನ್‌ಗಳ ಸಂಘ ಅವರ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ನಡೆಸುತ್ತಾ ಬಂದಿದೆ. ಕಾನೂನು ಇತಿಹಾಸ, ಹಳೆಯ ಕಾನೂನು ಪುಸ್ತಕ, ದಾಖಲೆ, ಇಂಥ ವಿಷಯಗಳ ಮೇಲೆ ಬರೆಯಬೇಕು. ಅಲ್ಲಿಗೆ ಎಲ್‌ಎಲ್‌ಎಂ ಅಥವಾ ಲೈಬ್ರರಿ ಸೈನ್ಸ್ ಓದೋಕೆ ಹೋದ ನಮ್ಮ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ, ಹಳೆಯ ಮೈಸೂರು ಚೀಫ್ ಕೋರ್ಟಿನ ತೀರ್ಪುಗಳ ಬಗ್ಗೆ ಒಂದು ಪ್ರಬಂಧ ಬರೆದು ಕಳಿಸಿ ನೋಡಿ.