ಲಿಥಿಯಂ ಲೆವೆಲ್ ನೋಡಿಸುವ ದಿನ

ಲಿಥಿಯಂ ಎಂದರೆ ಬೈಪೋಲಾರ್‌ನಂಥ ಮನಸ್ಸಿನ ಕಾಯಿಲೆಗಳಿಗೆ ಕೊಡುವ ಮಾತ್ರೆ, ಲೆವೆಲ್ ಎಂದರೆ ರಕ್ತದಲ್ಲಿ ಅದು ಎಷ್ಟಿದೆ ಎಂಬ ಲೆಕ್ಕ. ಅದನ್ನು ನೋಡಿಸುವ ದಿನ ಶುರುವಾಗುವುದೇ ಹಿಂದಿನ ರಾತ್ರಿ. 9 ಗಂಟೆಗೆ ಮಾತ್ರೆ ನುಂಗಿದವರು ಬೆಳಿಗ್ಗೆ 9ಕ್ಕೆ ರಕ್ತ ಕೊಡಬೇಕು. ನಡುವೆ 12 ಗಂಟೆ. ಅರ್ಧ ಗಂಟೆ ಆಚೀಚೆಯಾದರೆ ನಡೆಯುತ್ತದೆ. ಈ ಪರೀಕ್ಷೆಯೊಂದೇ ಆದರೆ ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಹೋಗಬಹುದು. ಬೆಳಗಿನ ಡೋಸ್ ಇರುವವರು ಮಾತ್ರ ಆ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು. ಎಡವಟ್ಟಾಗುವುದು ಇಲ್ಲೇ. ಅಭ್ಯಾಸಬಲದಿಂದ ನುಂಗಿಕೊಂಡು ಬಂದರೆ ರಿಪೋರ್ಟಿನ ಅಂಕಿ ಏರಿರುತ್ತದೆ, ಸರಿಯಾಗಿದ್ದ ಡೋಸ್ ಸುಮ್ಮನೆ ಇಳಿಯುತ್ತದೆ. ನುಂಗಿಬಿಟ್ಟಿದ್ದರೆ ಹೇಳಿಬಿಡಿ, ಮರುದಿನ ಬಂದು ರಕ್ತ ಕೊಟ್ಟರಾಯಿತು.

ಸೂಜಿ ಚುಚ್ಚುವ ಮುಂಚೆ ಟ್ಯೂಬಿನ ಕಡೆಗೊಂದು ಕಣ್ಣಿರಲಿ. ಹಸಿರು ಮುಚ್ಚಳದ್ದಾದರೆ ಕೇಳಿ. ರಕ್ತ ಹೆಪ್ಪುಗಟ್ಟದಿರಲೆಂದು ಅದರೊಳಗೆ ಸವರಿರುವುದು ಎಷ್ಟೋ ಸಲ ಲಿಥಿಯಂ ಹೆಪಾರಿನ್. ಅದರಲ್ಲಿ ತೆಗೆದರೆ ಮಾತ್ರೆಯನ್ನೇ ಮುಟ್ಟದವರ ರಕ್ತದಲ್ಲೂ ಲಿಥಿಯಂ ಸಿಗುತ್ತದೆ! 'ಲಿಥಿಯಂ ಲೆವೆಲ್ಲಿಗೆ' ಅಂತ ಬಾಯಿಬಿಟ್ಟು ಹೇಳುವುದರಲ್ಲಿ ಸಂಕೋಚವೇನೂ ಬೇಡ.

ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಲಿ ಎಂದು ನೋಡುತ್ತಾರೆ. ಗುಣಕ್ಕೂ ವಿಷಕ್ಕೂ ನಡುವಿನ ಜಾಗ ಇಷ್ಟು ಕಿರಿದಾಗಿರುವ ಮಾತ್ರೆಗಳು ಕಡಿಮೆ. 1.5 ದಾಟಿದರೆ ಅಪಾಯ. ಡೋಸ್ ಬದಲಿಸಿದ ಮರುದಿನವೇ ಓಡುವುದರಿಂದ ಪ್ರಯೋಜನವಿಲ್ಲ, ಮಟ್ಟ ನಿಲ್ಲಲು 5ರಿಂದ 7 ದಿನ ಬೇಕು. ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆಗಳನ್ನು ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಜೊತೆಗೇ ಮಾಡಿಸುತ್ತಾರೆ.

ಡೋಸ್ ಬದಲಾಗದೆಯೂ ಅಂಕಿ ಏರಿದ್ದರೆ ಕಳೆದ ವಾರವನ್ನು ನೆನಪಿಸಿಕೊಳ್ಳಿ. ವಾಂತಿ ಭೇದಿಯಾಗಿತ್ತೇ? ಬಿಸಿಲಲ್ಲಿ ಬೆವರು ಸುರಿದಿತ್ತೇ? ಬಿ.ಪಿ. ಎಂದು ಉಪ್ಪು ಬಿಟ್ಟಿರಾ? ಮೈಯಲ್ಲಿ ಸೋಡಿಯಂ ಕಡಿಮೆಯಾದರೆ ಕಿಡ್ನಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಲಿಥಿಯಮ್ಮನ್ನೂ. ಮಂಡಿನೋವಿಗೆಂದು ತಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಮಟ್ಟ ಏರಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ವಾಸಿ.

ಲೋಟ ಹಿಡಿದಾಗ ಬೆರಳ ತುದಿ ಸಣ್ಣಗೆ ಕಂಪಿಸುವುದು ಈ ಮಾತ್ರೆಯಲ್ಲಿ ಮಾಮೂಲಿ. ಆದರೆ ಲೋಟದ ನೀರೇ ತುಳುಕುವಷ್ಟು ನಡುಕ, ತೊದಲುವ ನಾಲಿಗೆ, ಓಲಾಡುವ ನಡಿಗೆ ಬೇರೆ ಮಾತು. ಅಂಕಿ ಸರಿಯಿದ್ದರೂ, ಅದರಲ್ಲೂ ವಯಸ್ಸಾದವರಲ್ಲಿ, ವಿಷವೇರಿರಬಹುದು. ಆಗ ಮುಂದಿನ ಮಾತ್ರೆ ನುಂಗದೆ, ರಿಪೋರ್ಟಿಗೂ ಕಾಯದೆ, ಡಬ್ಬಿ ಸಮೇತ ತುರ್ತು ಚಿಕಿತ್ಸೆಗೆ ಹೋಗಿ.